ಹಳೇ ಕಂಪ್ಯೂಟರಿಗೆ ದೊಡ್ಡ ಡಿಸ್ಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಡಿಸ್ಕ್ ಜಾಗದ್ದೇ ಜಾಸ್ತಿ. ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕದೆ ನಡೆಸಿಕೊಂಡು ಹೋಗುವವರು ನಮ್ಮ ಮೈಸೂರು, ಮಂಡ್ಯ ಕಡೆ ಇಷ್ಟೊಂದು ಜನ ಇದ್ದಾರೆ ಅನ್ನುವುದು ನನಗೆ ತುಂಬಾ ಖುಷಿ ಕೊಟ್ಟಿತು. ಹಾಗಾಗಿ ಮೊಬೈಲ್, ಪ್ರಿಂಟರ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಡಿಸ್ಕ್ ಕಂಪ್ರೆಷನ್, ಅಂದರೆ ಫೈಲುಗಳನ್ನು ಒತ್ತಿ ಕಮ್ಮಿ ಜಾಗದಲ್ಲಿ ಕೂರಿಸುವುದು, ಅದೊಂದನ್ನೇ ಹಿಡಿದಿದ್ದೇನೆ. ಎಲ್ಲರಿಗೂ ಸೇರಿ ಒಂದು ಮಾತು. ಕಂಪ್ರೆಸ್ ಮಾಡುವ ಮುಂಚೆ ಜಾಗ ಯಾಕೆ ಸಾಲುತ್ತಿಲ್ಲ ಅಂತ ನೋಡಿಕೊಳ್ಳಿ. ಎಷ್ಟೋ ಸಲ ಡಿಸ್ಕಿನಲ್ಲಿ ಜಾಗ ಇರುತ್ತದೆ. ಕಂಪ್ಯೂಟರ್ ಏಳುವಾಗ ಮೊದಲು ಓಡುವ ಬಯಾಸ್ ಅನ್ನುವ ಪ್ರೋಗ್ರಾಮೋ, ಡಿಸ್ಕಿನ ಫಾರ್ಮ್ಯಾಟೋ ಅಡ್ಡ ನಿಂತಿರುತ್ತದೆ. ಅದಕ್ಕೆ ಕಂಪ್ರೆಷನ್ ಮದ್ದಲ್ಲ.

ಪ್ರಶ್ನೆ: ಮಂಡ್ಯದ ಬೆಲ್ಲದ ಮಂಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ನಮ್ಮದು ಪೆಂಟಿಯಂ, ವಿಂಡೋಸ್ 98. ಡಾಸ್ ಕಾಲದ ಲೆಕ್ಕದ ಪ್ರೋಗ್ರಾಂ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. 2 ಜಿಬಿ ಡಿಸ್ಕ್ ತುಂಬಿಹೋಯಿತು. ಪರಿಚಯದವರು 40 ಜಿಬಿಯ ಹಳೇ ಡಿಸ್ಕ್ ಕೊಟ್ಟಿದ್ದಾರೆ. ವಿಂಡೋಸಿನ ಜೊತೆ ಬರುವ ಡ್ರೈವ್‌ಸ್ಪೇಸ್ ಅನ್ನುವ ಕಂಪ್ರೆಷನ್ ಪ್ರೋಗ್ರಾಂ ಹಾಕಿದರೆ ಅದು 80 ಜಿಬಿ ಆಗುತ್ತದೆ ಅಂದರು. ಓಡಿಸಿದರೆ ಈ ಡ್ರೈವನ್ನು ಕಂಪ್ರೆಸ್ ಮಾಡಲು ಆಗುವುದಿಲ್ಲ ಅನ್ನುತ್ತದೆ. ಹೇಗೆ ಸೆಟ್ ಮಾಡಬೇಕು?

ಉತ್ತರ: ನೋಡಿ ಸ್ವಾಮಿ, ಅದು ಹೇಳುತ್ತಿರುವುದು ಸರಿಯಾಗೇ ಇದೆ. ನಿಮ್ಮ ಡಿಸ್ಕಿಗೆ ಏನೂ ಆಗಿಲ್ಲ. 40 ಜಿಬಿಯನ್ನು ಒಂದೇ ಪಾರ್ಟಿಷನ್, ಅಂದರೆ ಒಂದೇ ಭಾಗ, ಮಾಡಿದ್ದಾರೆ ಅಂದರೆ ಅದರ ಫಾರ್ಮ್ಯಾಟ್, ಅಂದರೆ ಫೈಲ್ ಜೋಡಿಸುವ ಪದ್ಧತಿ, ಫ್ಯಾಟ್32 ಆಗೇ ಇರಬೇಕು. ಡ್ರೈವ್‌ಸ್ಪೇಸ್ ಫ್ಯಾಟ್32 ಡ್ರೈವನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಬರುವುದು ಹಳೇ ಫ್ಯಾಟ್16 ಮಾತ್ರ.

ಅಳತೆಗೂ ಮಿತಿ ಇದೆ. ಡಾಸ್ 6.22 ಮತ್ತು ಮೊದಲು ಬಂದ ವಿಂಡೋಸ್ 95ರ ಡ್ರೈವ್‌ಸ್ಪೇಸಿನಲ್ಲಿ ಕಂಪ್ರೆಸ್ ಆದ ಡ್ರೈವ್ 512 ಎಂಬಿ ದಾಟುವಂತಿಲ್ಲ. ವಿಂಡೋಸ್ 98ರ ಜೊತೆ ಬರುವ ಡ್ರೈವ್‌ಸ್ಪೇಸ್ 3ರಲ್ಲಿ 2 ಜಿಬಿ. ಈ 2 ಜಿಬಿ ಅನ್ನುವುದು ಕಂಪ್ರೆಸ್ ಆದಮೇಲೆ ಕಾಣುವ ಅಳತೆ. 2 ಜಿಬಿ ಪಾರ್ಟಿಷನ್ನನ್ನು ಕಂಪ್ರೆಸ್ ಮಾಡಿದರೆ 4 ಜಿಬಿ ಸಿಗುವುದಿಲ್ಲ. ಸುಮಾರು ಅರ್ಧ ಪಾರ್ಟಿಷನ್ ಬಳಸಿಕೊಂಡು 2 ಜಿಬಿಯ ಒಂದು ಡ್ರೈವ್ ತೋರಿಸಿ, ಮಿಕ್ಕಿದ್ದನ್ನು ಹಾಗೇ ಬಿಡುತ್ತದೆ. 80 ಜಿಬಿ ಅಂದವರು ಡಿಸ್ಕುಗಳು 40, 80 ಎಂಬಿ ಇದ್ದ ಕಾಲದ ಮಾತನ್ನು ಇಲ್ಲಿಗೆ ತಂದಿದ್ದಾರೆ.

ಈಗ ನಿಮ್ಮ 2 ಜಿಬಿ ಯಾಕೆ ತುಂಬಿತು ನೋಡೋಣ. ಇದೇ ಮುಖ್ಯ. ಫ್ಯಾಟ್16ರಲ್ಲಿ 1 ಜಿಬಿಯಿಂದ 2 ಜಿಬಿವರೆಗಿನ ಪಾರ್ಟಿಷನ್ನಿಗೆ ಒಂದು ಕ್ಲಸ್ಟರ್, ಅಂದರೆ ಫೈಲಿಗೆ ಕೊಡುವ ಜಾಗದ ಒಂದು ತುಂಡು, 32 ಕೆಬಿ. ಒಂದು ಫೈಲ್ ಎಷ್ಟೇ ಚಿಕ್ಕದಿರಲಿ, ಒಂದು ಪೂರ್ತಿ ಕ್ಲಸ್ಟರ್ ಅದಕ್ಕೇ ಹೋಗುತ್ತದೆ. ಒಂದು ಅಚ್ಚು ಬೆಲ್ಲ ಇಡುವುದಕ್ಕೂ ಒಂದು ಇಡೀ ಪೆಟ್ಟಿಗೆ ಬರೆದುಕೊಟ್ಟ ಹಾಗೆ. ಹಳೇ ಲೆಕ್ಕದ ಪ್ರೋಗ್ರಾಮುಗಳಲ್ಲಿ ಕೆಲವು ಒಬ್ಬೊಬ್ಬ ರೈತರಿಗೂ ಒಂದೊಂದು ಫೈಲ್, ಒಂದೊಂದು ದಿನಕ್ಕೂ ಒಂದೊಂದು ಫೈಲ್ ಮಾಡುತ್ತವೆ. 1 ಕೆಬಿಯ ಫೈಲುಗಳು 10,000 ಇವೆ ಅಂದುಕೊಳ್ಳಿ. ಒಳಗಿರುವ ಲೆಕ್ಕ 10 ಎಂಬಿಯೂ ಆಗುವುದಿಲ್ಲ. ಡಿಸ್ಕಿನಲ್ಲಿ ಹೋಗುವ ಜಾಗ 312 ಎಂಬಿ! ನಿಮ್ಮ ಪ್ರೋಗ್ರಾಂ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಫೈಲುಗಳ ಅಳತೆ ಒಂದು ಕಡೆ, ಬಳಸಿದ ಜಾಗ ಇನ್ನೊಂದು ಕಡೆ ತೋರಿಸುತ್ತದೆ. ಎರಡಕ್ಕೂ ಅಜಗಜಾಂತರ ಇದ್ದರೆ ಕಾರಣ ಇದೇ.

ಡ್ರೈವ್‌ಸ್ಪೇಸ್ ಆ ಕಾಲದಲ್ಲಿ ಅಷ್ಟು ಜಾಗ ಉಳಿಸುತ್ತಿದ್ದದ್ದಕ್ಕೆ ಇದೂ ಒಂದು ಕಾರಣ. ಅದು ಕ್ಲಸ್ಟರ್ ಲೆಕ್ಕ ಬಿಟ್ಟು 512 ಬೈಟಿನ ಚಿಕ್ಕ ತುಂಡು, ಅಂದರೆ ಸೆಕ್ಟರ್ ಲೆಕ್ಕದಲ್ಲಿ ಜೋಡಿಸುತ್ತಿತ್ತು. ಫ್ಯಾಟ್32 ಬಂದಮೇಲೆ ಈ ಕಷ್ಟ ಅರ್ಧ ಕಮ್ಮಿಯಾಯಿತು. 8 ಜಿಬಿವರೆಗಿನ ಫ್ಯಾಟ್32 ಪಾರ್ಟಿಷನ್ನಿನಲ್ಲಿ ಕ್ಲಸ್ಟರ್ 4 ಕೆಬಿ ಮಾತ್ರ. ಅದೇ 10,000 ಫೈಲ್ 39 ಎಂಬಿಯಲ್ಲಿ ಮುಗಿಯುತ್ತದೆ. ಪಾರ್ಟಿಷನ್ ದೊಡ್ಡದಾದ ಹಾಗೆ ಕ್ಲಸ್ಟರೂ ದೊಡ್ಡದಾಗುತ್ತದೆ. 16 ಜಿಬಿವರೆಗೆ 8 ಕೆಬಿ, 32 ಜಿಬಿವರೆಗೆ 16 ಕೆಬಿ, ಅದರ ಮೇಲೆ ಮತ್ತೆ 32 ಕೆಬಿ. ಈಗ 40 ಜಿಬಿಯನ್ನು ಒಂದೇ ಪಾರ್ಟಿಷನ್ ಮಾಡಿಕೊಟ್ಟಿದ್ದಾರಲ್ಲ, ಅದರಲ್ಲಿ ನೀವು ಮತ್ತೆ 32 ಕೆಬಿಗೇ ಬಂದು ನಿಂತಿದ್ದೀರಿ.

ಹಾಗಾಗಿ ಹೀಗೆ ಮಾಡಿ. ಹೊಸ ಡಿಸ್ಕಿನಲ್ಲಿ ಏನೂ ಇಲ್ಲ ಅಂತ ಗಟ್ಟಿ ಮಾಡಿಕೊಂಡು ಅದೊಂದನ್ನೇ ಸಿಕ್ಕಿಸಿ. ವಿಂಡೋಸ್ 98ರ ಬೂಟ್ ಫ್ಲಾಪಿ ಹಾಕಿ, ಪಾರ್ಟಿಷನ್ ಮಾಡುವ ಎಫ್‌ಡಿಸ್ಕ್ ಪ್ರೋಗ್ರಾಂ ಓಡಿಸಿ. ದೊಡ್ಡ ಡಿಸ್ಕಿನ ಸಪೋರ್ಟ್ ಬೇಕಾ ಅಂತ ಕೇಳಿದಾಗ ವೈ ಒತ್ತಿ. ಈಗಿರುವ ಪಾರ್ಟಿಷನ್ ತೆಗೆದು 7 ಜಿಬಿ ಸುಮಾರಿನ ಸಿ ಡ್ರೈವ್ ಮಾಡಿ. ಉಳಿದದ್ದು ಡಿ. ಸಿ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿ. ಆಮೇಲೆ ಹಳೇ ಡಿಸ್ಕನ್ನು ಎರಡನೆಯದಾಗಿ ಸಿಕ್ಕಿಸಿ ಲೆಕ್ಕದ ಫೋಲ್ಡರನ್ನು ಅದೇ ಹೆಸರಿನಲ್ಲಿ ಸಿಗೆ ಕಾಪಿ ಮಾಡಿ. ಹಳೇ ಡಾಸ್ ಪ್ರೋಗ್ರಾಮುಗಳಿಗೆ ಫೋಲ್ಡರ್ ಹೆಸರು ಬದಲಾದರೆ ದಿಕ್ಕು ತಪ್ಪುತ್ತದೆ. ಹಳೇ ಡಿಸ್ಕನ್ನು ಅಳಿಸಲೇಬೇಡಿ. ಈ ಆಲೆ ಸೀಸನ್ ಮುಗಿದು ವರ್ಷದ ಲೆಕ್ಕ ತಾಳೆ ಆಗುವವರೆಗೂ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಡಿ.

40 ಜಿಬಿ ಡಿಸ್ಕ್ ಸಿಕ್ಕಿಸಿದ ತಕ್ಷಣ ಕಂಪ್ಯೂಟರ್ ಮೊದಲ ಪರದೆಯಲ್ಲೇ ನಿಂತುಹೋದರೆ ಗಾಬರಿ ಬೇಡ. 1999ಕ್ಕಿಂತ ಹಳೇ ಬಯಾಸುಗಳಲ್ಲಿ ಸುಮಾರಿಗೆ 32 ಜಿಬಿಗಿಂತ ದೊಡ್ಡ ಡಿಸ್ಕ್ ಕಂಡರೆ ಹಾಗಾಗುತ್ತದೆ. ಡಿಸ್ಕಿನ ಹಿಂದೆ ಕೇಬಲ್ ಪಕ್ಕದಲ್ಲಿ, ಪಿನ್ನುಗಳ ಮೇಲೆ ಕೂರುವ ಜಂಪರ್ ಅನ್ನುವ ಪುಟ್ಟ ಟೋಪಿ ಇರುತ್ತದೆ. ಮೇಲಿನ ಲೇಬಲ್ಲಿನಲ್ಲಿ 32 ಜಿಬಿಗೆ ಇಳಿಸುವ ಜಾಗ ಗುರುತು ಮಾಡಿದ್ದರೆ ಅಲ್ಲಿಗೆ ಬದಲಿಸಿ. ಸ್ವಲ್ಪ ಜಾಗ ಹೋಗುತ್ತದೆ, ಕಂಪ್ಯೂಟರ್ ಏಳುತ್ತದೆ. ಇನ್ನೂ ಹಳೇ ಬಯಾಸಿಗೆ 8.4 ಜಿಬಿಯೇ ಕೊನೆ. ಅದಕ್ಕೂ ಹಿಂದಿನದಕ್ಕೆ 504 ಎಂಬಿ. ಅಂಥದ್ದಕ್ಕೆ ಆನ್‌ಟ್ರ್ಯಾಕ್ ಡಿಸ್ಕ್ ಮ್ಯಾನೇಜರ್ ಥರದ ಪ್ರೋಗ್ರಾಂ ಬರುತ್ತಿತ್ತು. ಅದು ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಕೂತು ಬಯಾಸಿಗೆ ಕಾಣದ್ದನ್ನು ಕಾಣಿಸುತ್ತದೆ. ಅದನ್ನು ಹಾಕಿದ ಡಿಸ್ಕಿನ ಮೇಲೆ ಮತ್ತೆ ಕಂಪ್ರೆಷನ್ ಪದರ ಹಾಕುವುದಕ್ಕೆ ನಾನು ಯಾರಿಗೂ ಹೇಳುವುದಿಲ್ಲ. ಒಂದು ಪದರ ಕೆಟ್ಟರೆ ಎರಡೂ ಹೋದವು.

ಇಷ್ಟಾದರೂ ಡ್ರೈವ್‌ಸ್ಪೇಸ್ ಬೇಕೇ ಬೇಕು ಅನ್ನುವವರಿಗೆ, ಅಂದರೆ ಪೆಂಟಿಯಂಗಿಂತ ಹಳೇ 486 ಕಂಪ್ಯೂಟರಿನಲ್ಲಿ 400, 500 ಎಂಬಿ ಡಿಸ್ಕ್ ಇಟ್ಟುಕೊಂಡಿರುವವರಿಗೆ, ಸೆಟ್ ಮಾಡುವ ದಾರಿ ಹೇಳುತ್ತೇನೆ. ಮೊದಲು ಸ್ಕ್ಯಾನ್‌ಡಿಸ್ಕ್ ಓಡಿಸಿ, ಮೇಲ್ಮೈ ಪರೀಕ್ಷೆಯನ್ನೂ ಬಿಡಬೇಡಿ. ಕೆಟ್ಟ ಸೆಕ್ಟರ್ ಬಂದಿದ್ದರೆ ಅಲ್ಲಿಗೇ ಕೈಬಿಡಿ. ಇಡೀ ಸಿ ಡ್ರೈವನ್ನು ಕಂಪ್ರೆಸ್ ಮಾಡಬೇಡಿ. ಅಡ್ವಾನ್ಸ್ಡ್ ಮೆನುವಿನಲ್ಲಿ ಖಾಲಿ ಜಾಗದಿಂದ ಹೊಸ ಕಂಪ್ರೆಸ್ಡ್ ಡ್ರೈವ್ ಮಾಡುವ ಆಯ್ಕೆ ಇದೆ. ಅದನ್ನು ತಗೊಂಡು ಹಳೇ ವರ್ಷಗಳ ಲೆಕ್ಕ, ಪತ್ರ ಇಂಥವನ್ನು ಅಲ್ಲಿಗೆ ಸಾಗಿಸಿ. ವಿಂಡೋಸ್, ಮೆಮೊರಿ ಸಾಲದಾಗ ಅದು ಬಳಸುವ ಸ್ವಾಪ್ ಫೈಲ್, ಈ ವರ್ಷದ ಲೆಕ್ಕ ಇವು ಹೊರಗೇ ಇರಲಿ. ಡ್ರೈವ್‌ಸ್ಪೇಸ್ 3ರಲ್ಲಿ ಸ್ಟ್ಯಾಂಡರ್ಡ್, ಹೈಪ್ಯಾಕ್, ಅಲ್ಟ್ರಾಪ್ಯಾಕ್ ಅಂತ ಮೂರು ಮಟ್ಟ. 486ಕ್ಕೆ ಸ್ಟ್ಯಾಂಡರ್ಡ್ ಸಾಕು. ಅಲ್ಟ್ರಾಪ್ಯಾಕ್ ಹಾಕಿದರೆ ಫೈಲ್ ತೆರೆಯುವುದಕ್ಕೇ ಕಾಯುತ್ತಾ ಕೂರಬೇಕು. ಮಾಡುವ ದಿನ ಯುಪಿಎಸ್ ಕಡ್ಡಾಯ. ಸಿ ಡ್ರೈವ್ ಕಂಪ್ರೆಸ್ ಆಗುತ್ತಿರುವಾಗ ಕರೆಂಟ್ ಹೋದರೆ ಮುಂದುವರಿಸುವ ಏರ್ಪಾಡು ಅದರಲ್ಲಿದೆ, ನಿಜ. ಆದರೆ ಅದನ್ನು ನಂಬಿಕೊಂಡು ಮಂಡಿಯ ಲೆಕ್ಕ ಒತ್ತೆ ಇಡುವುದು ಬೇಡ.

ಇನ್ನೂ ಎರಡು ವಿಷಯ. ಕಂಪ್ರೆಸ್ಡ್ ಡ್ರೈವ್ ತೋರಿಸುವ ಖಾಲಿ ಜಾಗ ಬರೀ ಅಂದಾಜು. ಎಲ್ಲವೂ ಅರ್ಧಕ್ಕೆ ಇಳಿಯುತ್ತದೆ ಅಂತ ಅದು ಲೆಕ್ಕ ಹಾಕಿರುತ್ತದೆ. 600 ಎಂಬಿ ಖಾಲಿ ಅಂದಿದ್ದನ್ನು ನೋಡಿ ಜಿಪ್ ಫೈಲುಗಳನ್ನು ಸುರಿದರೆ 300ಕ್ಕೇ ತುಂಬಿಹೋಗುತ್ತದೆ. ಮತ್ತೆ, ವಿಂಡೋಸಿನಿಂದ ಹೊರಗೆ ಬರೀ ಡಾಸ್‌ನಲ್ಲಿ ಕೆಲಸ ಮಾಡುವವರಿಗೆ ಡ್ರೈವ್‌ಸ್ಪೇಸ್ ನಡೆಸುವ ಡ್ರೈವರ್ ಡಾಸ್‌ನ 640 ಕೆಬಿ ಮೆಮೊರಿಯಲ್ಲಿ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಲೆಕ್ಕದ ಪ್ರೋಗ್ರಾಂ ಮೆಮೊರಿ ಸಾಲದು ಅಂತ ನಿಂತರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಮುಂದಿನ ದಿನಕ್ಕೂ ಯೋಚನೆ ಮಾಡಿ ಸ್ವಾಮಿ. 64 ಬಿಟ್ ವಿಂಡೋಸಿನಲ್ಲಿ ಡಾಸ್ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ. ಡಾಸ್‌ಬಾಕ್ಸ್-ಎಕ್ಸ್ ಅನ್ನುವ ಉಚಿತ ಪ್ರೋಗ್ರಾಂ ಒಳಗೆ ಓಡಿಸಬಹುದು, ಅದರಲ್ಲಿ ಪ್ರಿಂಟರ್‌ಗೂ ದಾರಿ ಇದೆ. ಬಿಡುವಿದ್ದಾಗ ಫೋಲ್ಡರಿನ ಒಂದು ಕಾಪಿ ತಗೊಂಡು ಬೇರೆ ಕಂಪ್ಯೂಟರಿನಲ್ಲಿ ನೋಡಿ. ಈ ಪೆಂಟಿಯಂನ ಮದರ್‌ಬೋರ್ಡ್ ಕೈಕೊಟ್ಟ ದಿನ ಅದು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನಂಜನಗೂಡಿನಿಂದ ಬರೆಯುತ್ತಿದ್ದೇನೆ. ಅಂಗಡಿಯ ಹಳೇ ಎಕ್ಸ್‌ಪಿ ಕಂಪ್ಯೂಟರಿಗೆ 500 ಜಿಬಿ ಐಡಿಇ ಡಿಸ್ಕ್ ಹಾಕಿದೆ. 127 ಜಿಬಿ ಅಂತ ಮಾತ್ರ ತೋರಿಸುತ್ತದೆ. ಕಂಪ್ರೆಸ್ ಮಾಡಿದರೆ ಉಳಿದದ್ದು ಸಿಗುತ್ತದಾ?

ಉತ್ತರ: ಸಿಗುವುದಿಲ್ಲ. ಡಿಸ್ಕಿನ ಪ್ರತಿ ಸೆಕ್ಟರಿಗೂ ಒಂದು ವಿಳಾಸದ ಸಂಖ್ಯೆ ಇರುತ್ತದೆ, ಇದು ಆ ಸಂಖ್ಯೆಗೆ 28 ಬಿಟ್ ಮಾತ್ರ ಇಟ್ಟದ್ದರ ಮಿತಿ. ಡಿಸ್ಕ್ ತಯಾರಿಸುವವರ ಲೆಕ್ಕದಲ್ಲಿ ಅದು 137 ಜಿಬಿ, ವಿಂಡೋಸ್ ಲೆಕ್ಕದಲ್ಲಿ 127, 128. ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 1 ಬಂದಮೇಲೆ ಈ ಮಿತಿ ಹೋಯಿತು. ಸರ್ವಿಸ್ ಪ್ಯಾಕ್ 3 ಹಾಕಿ. ಬಯಾಸ್ ಕೂಡ ಪೂರ್ತಿ ಅಳತೆ ತೋರಿಸುತ್ತಿದೆಯಾ ನೋಡಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಉಳಿದ ಜಾಗ ಖಾಲಿ ಅಂತ ಕಾಣುತ್ತದೆ. ಅಲ್ಲಿ ಎರಡನೇ ಪಾರ್ಟಿಷನ್ ಮಾಡಿಕೊಂಡರೆ ಮುಗಿಯಿತು. ವಿಂಡೋಸ್ 98 ಇರುವವರು ಮಾತ್ರ ಇಷ್ಟು ದೊಡ್ಡ ಡಿಸ್ಕ್ ಹಾಕಲೇಬೇಡಿ. ಅದರ ಡ್ರೈವರ್ 137 ಜಿಬಿ ದಾಟಿ ಬರೆಯಲು ಹೋಗಿ ಮುಂಚೆ ಇದ್ದದ್ದನ್ನೂ ಹಾಳು ಮಾಡಬಹುದು.

ಪ್ರಶ್ನೆ: ಸಾರ್, ನಮ್ಮ ತಂದೆ ಮೈಸೂರಿನ ಅಗ್ರಹಾರದಲ್ಲಿ ಡಿಟಿಪಿ ಸೆಂಟರ್ ನಡೆಸುತ್ತಿದ್ದರು. ಈಗ ಅವರಿಲ್ಲ. ಅವರ ಕಂಪ್ಯೂಟರಿನ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿನಲ್ಲಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅವರು ಟೈಪ್ ಮಾಡಿದ್ದು ಒಂದೂ ಕಾಣಿಸುತ್ತಿಲ್ಲ. ಡಿಆರ್‌ವಿಸ್ಪೇಸ್.000 ಅಂತ ಅಡಗಿರುವ ಒಂದು ದೊಡ್ಡ ಫೈಲ್ ಡಿಸ್ಕ್ ಪೂರ್ತಿ ತುಂಬಿಕೊಂಡಿದೆ. ವೈರಸ್ ಇರಬೇಕು, ಡಿಲೀಟ್ ಮಾಡು ಅಂತ ಅಣ್ಣ ಹೇಳುತ್ತಾನೆ.

ಉತ್ತರ: ಡಿಲೀಟ್ ಮಾಡಬೇಡಮ್ಮ! ನಿಮ್ಮ ತಂದೆಯವರ ಕೆಲಸ ಎಲ್ಲಾ ಅದೇ ಫೈಲಿನ ಒಳಗಿದೆ.

ಡ್ರೈವ್‌ಸ್ಪೇಸ್ ಕೆಲಸ ಮಾಡುತ್ತಿದ್ದದ್ದೇ ಹೀಗೆ. ಇಡೀ ಡ್ರೈವನ್ನು ಕಂಪ್ರೆಸ್ ಮಾಡಿ ಒಂದೇ ಫೈಲಿಗೆ ತುಂಬುತ್ತಿತ್ತು. ಕಂಪ್ಯೂಟರ್ ಏಳುವಾಗ ಆ ಫೈಲನ್ನೇ ಸಿ ಡ್ರೈವ್ ಅಂತ ತೋರಿಸಿ, ನಿಜವಾದ ಡಿಸ್ಕಿಗೆ ಎಚ್ ಅಂತಲೋ ಇನ್ನೊಂದೋ ಅಕ್ಷರ ಕೊಟ್ಟು ಪಕ್ಕಕ್ಕೆ ಸರಿಸುತ್ತಿತ್ತು. ನಿಮ್ಮ ತಂದೆಯವರು ಕೂತಾಗ ಎಲ್ಲಾ ಮಾಮೂಲಾಗಿ ಕಾಣುತ್ತಿತ್ತು. ಈಗಿನ ವಿಂಡೋಸಿಗೆ ಆ ವಿದ್ಯೆ ಇಲ್ಲ. ವಿಂಡೋಸ್ 2000, ಎಕ್ಸ್‌ಪಿ ಕಾಲದಿಂದಲೂ ಇಲ್ಲ. ಹಾಗಾಗಿ ನಿನಗೆ ಹೊರಗಿನ ಚೀಲ ಮಾತ್ರ ಕಾಣುತ್ತಿದೆ.

ಫೈಲಿನ ಹೆಸರಿನಿಂದ ಕಾಲವೂ ಗೊತ್ತಾಗುತ್ತದೆ. ಡಿಬಿಎಲ್‌ಸ್ಪೇಸ್.000 ಅಂತ ಇದ್ದಿದ್ದರೆ ಅದು ಮೈಕ್ರೋಸಾಫ್ಟಿನದೇ ಹಿಂದಿನ ಪ್ರೋಗ್ರಾಂ, 1993ರ ಡಾಸ್ 6.0 ಅಥವಾ 6.2ರ ಡಬಲ್‌ಸ್ಪೇಸ್. ಸ್ಟ್ಯಾಕ್‌ವಾಲ್.ಡಿಎಸ್‌ಕೆ ಅಂತ ಇದ್ದಿದ್ದರೆ ಸ್ಟ್ಯಾಕರ್ ಅನ್ನುವ ಬೇರೆ ಕಂಪನಿಯ ಕಂಪ್ರೆಷನ್ ಪ್ರೋಗ್ರಾಂ. ಸ್ಟ್ಯಾಕರ್ ಮಾಡಿದ ಸ್ಟ್ಯಾಕ್ ಕಂಪನಿ ತನ್ನ ಪೇಟೆಂಟ್ ಬಳಸಿದ್ದಾರೆ ಅಂತ ಮೈಕ್ರೋಸಾಫ್ಟ್ ಮೇಲೆ ಕೇಸ್ ಹಾಕಿತು. 1994ರಲ್ಲಿ ಜ್ಯೂರಿ ಸ್ಟ್ಯಾಕ್‌ಗೆ 120 ಮಿಲಿಯನ್ ಡಾಲರ್ ಕೊಡಬೇಕು ಅಂದಿತು. ಅದಾದ ಮೇಲೆ ಡಬಲ್‌ಸ್ಪೇಸ್ ತೆಗೆದುಹಾಕಿ ಡಾಸ್ 6.21 ಬಿಟ್ಟರು. ಬೇರೆ ವಿಧಾನದ ಡ್ರೈವ್‌ಸ್ಪೇಸ್ ಬಂದದ್ದು 6.22ರಲ್ಲಿ. ನಿನ್ನ ಹತ್ತಿರ ಇರುವುದು ಅದು, ಅಥವಾ ವಿಂಡೋಸ್ 95, 98ರದ್ದು.

ಈಗ ಮಾಡಬೇಕಾದ್ದು. ಆ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಬಿಚ್ಚು. ವಿಂಡೋಸ್ ಸರಿಪಡಿಸಲಾ ಅಂತ ಕೇಳಿದ್ದರೆ ಬೇಡ ಅನ್ನು. ಅದು ಕೇಳದೆಯೂ ಡಿಸ್ಕಿನ ಮೇಲೆ ಸಣ್ಣ ಪುಟ್ಟದ್ದು ಬರೆಯುತ್ತದೆ. ಈ ಡಿಸ್ಕಿನ ಮೇಲೆ ಇನ್ನು ಒಂದು ಅಕ್ಷರವೂ ಬೀಳಬಾರದು. ಲಿನಕ್ಸ್ ಇರುವ ಪೆನ್ ಡ್ರೈವಿನಿಂದ ಲ್ಯಾಪ್‌ಟಾಪ್ ಏಳಿಸಿ, ಡಿಸ್ಕನ್ನು ಮೌಂಟ್ ಮಾಡದೆ, ಅಂದರೆ ಅದರ ಫೈಲುಗಳನ್ನು ತೆರೆಯಲು ಬಿಡದೆ, ಡಿಡಿರೆಸ್ಕ್ಯೂ ಪ್ರೋಗ್ರಾಮಿನಿಂದ ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಇಮೇಜ್, ಅಂದರೆ ಇಡೀ ಡಿಸ್ಕಿನ ಯಥಾಪ್ರತಿಯನ್ನು ಒಂದೇ ಫೈಲಾಗಿ, ತೆಗಿ. ಇಷ್ಟು ವರ್ಷ ನಿಂತಿದ್ದ ಡಿಸ್ಕ್ ಅದು. ಎಷ್ಟು ಹೊತ್ತು ತಿರುಗುತ್ತದೆ ಅಂತ ಹೇಳುವುದಕ್ಕಾಗುವುದಿಲ್ಲ. ಒಂದೇ ಸಲ ಓಡಿಸಿ ಪೂರ್ತಿ ಎತ್ತಿಕೊಂಡುಬಿಡಬೇಕು. ಅಡಾಪ್ಟರಿನ ಜೊತೆ ಬರುವ ಬೇರೆ ಪವರ್ ಪಿನ್ ಕೂಡ ಹಾಕಿದ್ದೀಯ ತಾನೇ? ದೊಡ್ಡ ಡಿಸ್ಕಿಗೆ ಯುಎಸ್‌ಬಿಯ ಕರೆಂಟ್ ಸಾಲುವುದಿಲ್ಲ.

ಇಮೇಜ್ ಬಂದಮೇಲೆ ಅದರ ಕಾಪಿ ಮಾಡಿಕೊಂಡು, ಆ ಕಾಪಿಯ ಮೇಲೆ ಮಾತ್ರ ಕೆಲಸ. 86ಬಾಕ್ಸ್ ಅನ್ನುವ ಉಚಿತ ಪ್ರೋಗ್ರಾಂ ಹಳೇ ಕಂಪ್ಯೂಟರನ್ನೇ ಹೊಸದರೊಳಗೆ ಕಟ್ಟಿಕೊಡುತ್ತದೆ. ಅದರಲ್ಲಿ ವಿಂಡೋಸ್ 98 ಹಾಕಿ, ಇಮೇಜನ್ನು ಎರಡನೇ ಡಿಸ್ಕಾಗಿ ಕೊಡು. ಸಿಲಿಂಡರ್, ಹೆಡ್, ಸೆಕ್ಟರ್ ಎಷ್ಟೆಷ್ಟು ಅಂತ ಕೇಳುತ್ತದೆ. ಹಳೇ ಡಿಸ್ಕಿನ ಮೇಲಿನ ಲೇಬಲ್ಲಿನಲ್ಲೇ ಅದು ಸಾಮಾನ್ಯವಾಗಿ ಇರುತ್ತದೆ, ಡಿಸ್ಕ್ ಒಳಗಿಡುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೋ. ವಿಂಡೋಸ್ ಒಳಗೆ ಸಿಸ್ಟಂ ಟೂಲ್ಸಿನಲ್ಲಿ ಡ್ರೈವ್‌ಸ್ಪೇಸ್ ತೆರೆದು, ಡ್ರೈವ್ ಆರಿಸಿ, ಅಡ್ವಾನ್ಸ್ಡ್ ಮೆನುವಿನಲ್ಲಿ ಮೌಂಟ್ ಒತ್ತು. ಹೊಸ ಅಕ್ಷರದಲ್ಲಿ ಒಂದು ಡ್ರೈವ್ ಬರುತ್ತದೆ, ಅದರ ತುಂಬಾ ಅಪ್ಪನ ಫೋಲ್ಡರುಗಳು. ವಿಂಡೋಸ್ 98 ತನಗಿಂತ ಹಳೇ ಡಬಲ್‌ಸ್ಪೇಸ್, ಡ್ರೈವ್‌ಸ್ಪೇಸ್ ಎರಡನ್ನೂ ಓದುತ್ತದೆ. ಡಾಸ್ 6.22 ತನಗಿಂತ ಹೊಸದಾದ ಡ್ರೈವ್‌ಸ್ಪೇಸ್ 3 ಓದುವುದಿಲ್ಲ. ಅದಕ್ಕೇ 98 ಅಂದದ್ದು. ಅಪ್‌ಗ್ರೇಡ್ ಅನ್ನುವ ಬಟನ್ ಕಂಡರೆ ಒತ್ತಬೇಡ.

ಒಂದು ವಿಷಯ ಬಹಳ ಜನ ಮರೆಯುತ್ತಾರೆ. ಬರೀ ಫೈಲ್ ತಗೊಂಡರೆ ಸಾಲದು, ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್‌ಗಳನ್ನೂ ತಗೋ. ಆಗಿನ ಡಿಟಿಪಿಯಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಯೂನಿಕೋಡ್ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್‌ಗಳು. ಆ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತದೆ, ಫೈಲ್ ಕೆಟ್ಟಿದೆ ಅಂದುಕೊಂಡು ಬಿಸಾಡಿಬಿಡುತ್ತಾರೆ. ಕೆಟ್ಟಿರುವುದಿಲ್ಲ. ಫಾಂಟ್ ಇದ್ದರೆ ಓದಬಹುದು. ನುಡಿ, ಬರಹದಂಥ ಫಾಂಟ್ ಆದರೆ ಯೂನಿಕೋಡಿಗೆ ಬದಲಿಸುವ ಸಾಧನಗಳೂ ಇವೆ. ಎಷ್ಟೋ ಊರಿನ ಲಗ್ನಪತ್ರಿಕೆ, ಕವನ ಸಂಕಲನ, ಸಂಘದ ವರದಿ ಇಂಥ ಡಿಸ್ಕುಗಳಲ್ಲೇ ಉಳಿದುಕೊಂಡಿವೆ. ನಿಧಾನವಾಗಿ ಮಾಡು. ಎಲ್ಲಾದರೂ ಸಿಕ್ಕಿಕೊಂಡರೆ ಮತ್ತೆ ಬರಿ, ಪರದೆಯ ಫೋಟೋ ಜೊತೆ ಕಳಿಸು.

ಪ್ರಶ್ನೆ: ಮದ್ದೂರಿನ ಪಿಯುಸಿ ವಿದ್ಯಾರ್ಥಿ ನಾನು. ಕನ್ನಡ ನೋಟ್ಸಿನ ಟೆಕ್ಸ್ಟ್ ಫೈಲ್ ಜಿಪ್ ಮಾಡಿದರೆ ಪುಟ್ಟದಾಗುತ್ತದೆ. ವಿಡಿಯೋ ಜಿಪ್ ಮಾಡಿದರೆ ಏನೂ ಆಗುವುದಿಲ್ಲ. ಜಿಪ್ ಮಾಡಿದ್ದನ್ನೇ ಮತ್ತೆ ಜಿಪ್ ಮಾಡಿದರೆ?

ಉತ್ತರ: ಒಳ್ಳೇ ಪ್ರಶ್ನೆ ಕಣಪ್ಪ. ಕಂಪ್ರೆಷನ್ ಅಂದರೆ ಮತ್ತೆ ಮತ್ತೆ ಬರುವುದನ್ನು ಒಂದು ಸಲ ಬರೆದು, ಮಿಕ್ಕ ಕಡೆ ಹಿಂದೆ ಇಷ್ಟು ದೂರದಲ್ಲಿ ಇರುವುದೇ ಇಲ್ಲೂ ಅಂತ ಸೂಚಿಸುವುದು. ಈ ವಿಧಾನದ ಬುಡ ಜೇಕಬ್ ಜಿವ್ ಮತ್ತು ಏಬ್ರಹಾಂ ಲೆಂಪೆಲ್ 1977ರಲ್ಲಿ ಪ್ರಕಟಿಸಿದ ಲೇಖನ. ಸ್ಟ್ಯಾಕರ್, ಡ್ರೈವ್‌ಸ್ಪೇಸ್, ಜಿಪ್ ಎಲ್ಲಾ ಅದೇ ವಂಶ.

ಈಗ ನಿನ್ನ ಕನ್ನಡ ಫೈಲ್ ನೋಡು. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್. 'ಕ' ಅಂದರೆ ಮೂರು. 'ಕಾ' ಅಂದರೆ ಕ ಮತ್ತು ದೀರ್ಘ ಸೇರಿ ಆರು. ಈ ಮೂರರಲ್ಲಿ ಮೊದಲನೇ ಬೈಟ್ ಕನ್ನಡದ ಎಲ್ಲಾ ಅಕ್ಷರಕ್ಕೂ ಒಂದೇ. ಎರಡನೆಯದು ಎರಡೇ ಥರ. ಬದಲಾಗುವುದು ಮೂರನೆಯದು. ಅಂದರೆ ಫೈಲಿನ ಮೂರರಲ್ಲಿ ಎರಡು ಪಾಲು ಹೇಳಿದ್ದನ್ನೇ ಹೇಳುತ್ತಿದೆ. ಕಂಪ್ರೆಷನ್‌ಗೆ ಅದಕ್ಕಿಂತ ಇನ್ನೇನು ಬೇಕು? ವಿಡಿಯೋ, ಜೆಪೆಗ್ ಫೋಟೋ, ಎಂಪಿ3 ಇವು ಹುಟ್ಟುವಾಗಲೇ ಕಂಪ್ರೆಸ್ ಆಗಿರುತ್ತವೆ. ಮರುಕಳಿಸುವುದು ಏನೂ ಉಳಿದಿರುವುದಿಲ್ಲ. ಜಿಪ್ಪನ್ನು ಮತ್ತೆ ಜಿಪ್ ಮಾಡಿದರೂ ಅಷ್ಟೇ, ಸಾಮಾನ್ಯವಾಗಿ ಇನ್ನೊಂದು ಚೂರು ದೊಡ್ಡದೇ ಆಗುತ್ತದೆ. ನೀನೇ ಮಾಡಿ ನೋಡು.

ಪ್ರಶ್ನೆ: ನಾನು ಮೈಸೂರಿನಲ್ಲಿರುವ ನಿವೃತ್ತ ಅಧ್ಯಾಪಕ. ಮಂಡ್ಯ, ಚಾಮರಾಜನಗರ ಕಡೆ ನೀಲಗಾರರ, ತಂಬೂರಿಯವರ ಹಾಡುಗಾರಿಕೆಯನ್ನು ಕ್ಯಾಸೆಟ್ಟಿನಲ್ಲಿ ಧ್ವನಿಮುದ್ರಿಸಿದ್ದೆ. ಈಗ ಎಲ್ಲವನ್ನೂ ವೇವ್ ಫೈಲ್ ಮಾಡಿದ್ದೇನೆ. ಟಿಪ್ಪಣಿ ಪುಸ್ತಕಗಳ ಸ್ಕ್ಯಾನ್ ಟಿಫ್‌ನಲ್ಲಿದೆ. ಹಳೇ ವಿಂಡೋಸ್ 7 ಕಂಪ್ಯೂಟರಿನ 500 ಜಿಬಿ ಡಿಸ್ಕ್ ತುಂಬುತ್ತಾ ಬಂದಿದೆ. ಡ್ರೈವ್ ಪ್ರಾಪರ್ಟೀಸಿನಲ್ಲಿ ಡ್ರೈವನ್ನು ಕಂಪ್ರೆಸ್ ಮಾಡು ಅನ್ನುವ ಚೌಕ ಇದೆ. ಗುರುತು ಹಾಕಬಹುದೇ?

ಉತ್ತರ: ಮೇಷ್ಟ್ರೇ, ದಯವಿಟ್ಟು ಸಿ ಡ್ರೈವಿನ ಆ ಚೌಕಕ್ಕೆ ಗುರುತು ಹಾಕಬೇಡಿ. ಕಂಪ್ಯೂಟರ್ ಏಳುವಾಗ ಮೊದಲು ಓದುವ ಬೂಟ್‌ಎಂಜಿಆರ್ ಅನ್ನುವ ಫೈಲ್ ಅದೇ ಡ್ರೈವಿನಲ್ಲಿದ್ದು ಕಂಪ್ರೆಸ್ ಆಗಿಹೋದರೆ, ಮಾರನೇ ದಿನ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಬೂಟ್‌ಎಂಜಿಆರ್ ಕಂಪ್ರೆಸ್ ಆಗಿದೆ ಅನ್ನುವ ಒಂದು ಸಾಲು ಬಂದು ನಿಲ್ಲುತ್ತದೆ. ವಿಂಡೋಸ್ ಡಿವಿಡಿ ಹಾಕಿ ಸರಿಮಾಡಬಹುದು. ಆದರೆ ಆ ಗಾಬರಿ ನಿಮಗೆ ಬೇಡ.

ಎನ್‌ಟಿಎಫ್‌ಎಸ್, ಅಂದರೆ ನಿಮ್ಮ ವಿಂಡೋಸ್ 7 ಬಳಸುವ ಫಾರ್ಮ್ಯಾಟಿನಲ್ಲಿ, ಬೇಕಾದ ಫೋಲ್ಡರ್ ಒಂದನ್ನೇ ಕಂಪ್ರೆಸ್ ಮಾಡಬಹುದು. ಹಳೇ ಡ್ರೈವ್‌ಸ್ಪೇಸಿಗಿಂತ ಇದು ಎಷ್ಟೋ ವಾಸಿ. ಇಡೀ ಡ್ರೈವ್ ಒಂದೇ ಫೈಲಿನಲ್ಲಿ ಸಿಕ್ಕಿಕೊಳ್ಳುವ ಭಯ ಇಲ್ಲ. ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಡ್ವಾನ್ಸ್ಡ್, ಅಲ್ಲಿ ಕಂಪ್ರೆಸ್ ಅನ್ನುವ ಚೌಕ. ಒಳಗಿನ ಫೋಲ್ಡರುಗಳಿಗೂ ಅನ್ವಯಿಸಲಾ ಅಂತ ಕೇಳಿದರೆ ಹೂಂ ಅನ್ನಿ. ಫೈಲಿನ ಹೆಸರು ನೀಲಿ ಬಣ್ಣಕ್ಕೆ ತಿರುಗುತ್ತದೆ. ಮತ್ತೆ ಪ್ರಾಪರ್ಟೀಸ್ ತೆರೆದು ಸೈಜ್ ಮತ್ತು ಸೈಜ್ ಆನ್ ಡಿಸ್ಕ್ ಎರಡನ್ನೂ ಹೋಲಿಸಿ ನೋಡಿ. ಉಳಿತಾಯ ಎಷ್ಟು ಅಂತ ಅಲ್ಲೇ ತಿಳಿಯುತ್ತದೆ. ಚೌಕವೇ ಒತ್ತಲು ಬರದಂತೆ ಮಸುಕಾಗಿದ್ದರೆ, ಡಿಸ್ಕನ್ನು 4 ಕೆಬಿಗಿಂತ ದೊಡ್ಡ ಕ್ಲಸ್ಟರ್ ಇಟ್ಟು ಫಾರ್ಮ್ಯಾಟ್ ಮಾಡಿರಬಹುದು. ಅಂಥ ಡಿಸ್ಕಿನಲ್ಲಿ ಈ ಕಂಪ್ರೆಷನ್ ನಡೆಯುವುದಿಲ್ಲ.

ನಿಮ್ಮ ಟಿಫ್ ಸ್ಕ್ಯಾನುಗಳು ಒಳಗೇ ಕಂಪ್ರೆಸ್ ಆಗಿರದಿದ್ದರೆ, ಬಿಳಿ ಹಾಳೆಯ ಜಾಗ ಜಾಸ್ತಿ ಇದ್ದರೆ, ಅವು ಚೆನ್ನಾಗಿ ಇಳಿಯುತ್ತವೆ. ಆ ಫೋಲ್ಡರಿಗೆ ಧೈರ್ಯವಾಗಿ ಮಾಡಿ. ಟೈಪ್ ಮಾಡಿದ ಬರಹಗಳಿಗೂ ಮಾಡಿ.

ಧ್ವನಿಯ ಕಥೆ ಬೇರೆ. ವೇವ್ ಫೈಲಿನ ಮೇಲೆ ಎನ್‌ಟಿಎಫ್‌ಎಸ್ ಕಂಪ್ರೆಷನ್‌ನಿಂದ ಹೆಚ್ಚೇನೂ ಗಿಟ್ಟುವುದಿಲ್ಲ. ದನಿಯಲ್ಲಿ ಬೈಟ್‌ಗೆ ಬೈಟ್ ಹಾಗೇ ಮರುಕಳಿಸುವುದು ಕಮ್ಮಿ. ತಂಬೂರಿಯ ಶ್ರುತಿ ನಮ್ಮ ಕಿವಿಗೆ ಒಂದೇ ಸಮ ಕೇಳಿದರೂ, ಅಂಕಿಯಲ್ಲಿ ಪ್ರತಿ ಸಲ ಚೂರು ಬೇರೆ. ಅದಕ್ಕೆ ಫ್ಲ್ಯಾಕ್ ಅನ್ನುವ ಉಚಿತ ಸಾಧನ ಇದೆ. ಅದು ಮುಂದಿನ ಅಂಕಿ ಎಷ್ಟಿರಬಹುದು ಅಂತ ಅಂದಾಜು ಮಾಡಿ, ತಪ್ಪಿದಷ್ಟನ್ನು ಮಾತ್ರ ಬರೆದಿಡುತ್ತದೆ. ತೆರೆದಾಗ ಮೂಲ ಅಂಕಿಗಳು ಒಂದೂ ಬಿಡದೆ ವಾಪಸ್ ಬರುತ್ತವೆ. ಎಂಪಿ3 ಹಾಗಲ್ಲ, ಕೇಳಿಸದು ಅಂದುಕೊಂಡದ್ದನ್ನು ಕಿತ್ತುಹಾಕುತ್ತದೆ. ನಿಮ್ಮ ಹಾಡುಗಾರರ ದನಿಗೆ ಅದನ್ನು ಮಾಡಬೇಡಿ. ಕೇಳಿಸಲು, ಕಳಿಸಲು ಬೇಕಾದರೆ ಎಂಪಿ3 ಬೇರೆ ಮಾಡಿಕೊಳ್ಳಿ, ಮೂಲ ಮಾತ್ರ ಫ್ಲ್ಯಾಕ್‌ನಲ್ಲಿರಲಿ.

ಸಿಡಿ ಮಟ್ಟದ ಸ್ಟೀರಿಯೋ ವೇವ್ ಅಂದರೆ ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಗಂಟೆಯ ಕ್ಯಾಸೆಟ್ಟಿಗೆ 600 ಎಂಬಿ. ನಿಮ್ಮ ಆಗಿನ ಟೇಪ್ ರೆಕಾರ್ಡರ್‌ಗೆ ಒಂದೇ ಮೈಕ್ ಇದ್ದಿರಬೇಕು ಅಲ್ವಾ? ಹಾಗಿದ್ದು ಎರಡೂ ಚಾನೆಲ್ಲಿನಲ್ಲಿ ಒಂದೇ ದನಿ ಇದ್ದರೆ ಫ್ಲ್ಯಾಕ್ ಅದನ್ನು ಹಿಡಿದುಬಿಡುತ್ತದೆ, ಉಳಿತಾಯ ಇನ್ನೂ ಜಾಸ್ತಿ. ಬದಲಿಸುವಾಗ ವೆರಿಫೈ ಅನ್ನುವ ಆಯ್ಕೆ ಹಾಕಿಕೊಳ್ಳಿ, ತಾನೇ ಬಿಚ್ಚಿ ಮೂಲದ ಜೊತೆ ತಾಳೆ ನೋಡುತ್ತದೆ. ನಿಮ್ಮ ಹಳೇ ಕಂಪ್ಯೂಟರಿಗೂ ಇದು ಭಾರವಾಗುವುದಿಲ್ಲ. ರಾತ್ರಿ ಹಾಕಿ ಮಲಗಿದರೂ ಆಯಿತು.

ಬ್ಯಾಕಪ್ ಡಿಸ್ಕ್ ಕೊಳ್ಳುವಾಗ ಒಂದು ಎಚ್ಚರ. ಎನ್‌ಟಿಎಫ್‌ಎಸ್ ಕಂಪ್ರೆಸ್ ಮಾಡಿದ ಟಿಫ್ ಫೋಲ್ಡರನ್ನು ಪೆನ್ ಡ್ರೈವಿಗೋ ಬೇರೆ ಡಿಸ್ಕಿಗೋ ಕಾಪಿ ಮಾಡಿದರೆ ಅಲ್ಲಿ ಅದು ಮತ್ತೆ ತನ್ನ ಪೂರ್ತಿ ಅಳತೆಗೆ ಹಿಗ್ಗುತ್ತದೆ. ಹಾಗಾಗಿ ಸೈಜ್ ಆನ್ ಡಿಸ್ಕ್ ನೋಡಿ ಕೊಳ್ಳಬೇಡಿ, ಸೈಜ್ ನೋಡಿ ಕೊಳ್ಳಿ. ಫ್ಲ್ಯಾಕ್ ಫೈಲುಗಳು ಎಲ್ಲಿಗೆ ಹೋದರೂ ಚಿಕ್ಕದಾಗೇ ಇರುತ್ತವೆ. ಎರಡು ಡಿಸ್ಕ್ ತಗೊಂಡು, ಒಂದನ್ನು ಮಕ್ಕಳ ಮನೆಯಲ್ಲೋ ನಂಬಿಕೆಯ ಶಿಷ್ಯರ ಹತ್ತಿರವೋ ಇಡಿ. ಯಾವ ಕ್ಯಾಸೆಟ್, ಯಾವ ಊರು, ಹಾಡಿದವರು ಯಾರು, ಯಾವ ವರ್ಷ ಅನ್ನುವುದನ್ನು ಫ್ಲ್ಯಾಕ್ ಫೈಲಿನ ಒಳಗೇ ಟ್ಯಾಗ್ ಆಗಿ ಬರೆಯಬಹುದು, ಕನ್ನಡದಲ್ಲೇ. ಈಗಲೇ ಬರೆದುಬಿಡಿ ಮೇಷ್ಟ್ರೇ, ಅದು ನೆನಪಿರುವುದು ನಿಮಗೊಬ್ಬರಿಗೇ.